ಪಶುವೈದ್ಯ ಕಲಿಯುವ ಮಕ್ಕಳಿಗೂ ಒಂದು ಶಾಲು

ಪಿಯುಸಿ ಫಲಿತಾಂಶ ಬಂದು, ಸೀಟಿನ ಗಡಿಬಿಡಿಯೆಲ್ಲಾ ಒಂದು ಹಂತಕ್ಕೆ ಮುಗಿದ ಮೇಲೆ ನಮ್ಮ ಜಮಾಅತ್‌ಗಳಲ್ಲಿ ಪ್ರತಿಭಾ ಪುರಸ್ಕಾರದ ಕಾರ್ಯಕ್ರಮಗಳು ಶುರುವಾಗುತ್ತವೆ. ಒಳ್ಳೆಯ ಸಂಪ್ರದಾಯ. ನನ್ನ ಚಿಕ್ಕಂದಿನಲ್ಲಿ ಮಹಲ್ಲಿನಲ್ಲಿ ಎಸೆಸೆಲ್ಸಿ ಪಾಸಾದವನನ್ನು ಹುಡುಕಬೇಕಿತ್ತು. ಈಗ ಶಾಲು ಹೊದಿಸುವವರ ಕೈ ನೋಯುವಷ್ಟು ಮಕ್ಕಳು ವೇದಿಕೆ ಹತ್ತುತ್ತಾರೆ. ಮೊದಲು ಎಂಬಿಬಿಎಸ್ ಸೀಟು ಸಿಕ್ಕಿದವರು, ನಂತರ ಬಿಡಿಎಸ್, ಆಮೇಲೆ ಇಂಜಿನಿಯರಿಂಗ್, ಸಿಎ, ಕಾನೂನು. ಈ ಕ್ರಮವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಕಳೆದ ಸಲ ಇಂಥದ್ದೇ ಒಂದು ಕಾರ್ಯಕ್ರಮದಲ್ಲಿ ಊಟದ ಹೊತ್ತಿಗೆ ನನ್ನ ಪಕ್ಕದಲ್ಲಿ ಒಬ್ಬ ಯುವಕ ಬಂದು ಕೂತ. ಹಳೆಯ ಶಿಷ್ಯ. ಐದನೇ ಕ್ಲಾಸಿನ ಮದ್ರಸ ಪಾಠ ನನ್ನ ಕೈಯಲ್ಲೇ ಕಲಿತವನು. “ಈಗ ಎಂತ ಮಾಡ್ತಾ ಇದ್ದಿ?” ಎಂದು ಕೇಳಿದೆ. “ಬಿವಿಎಸ್ಸಿ ಮುಗೀತು ಉಸ್ತಾದ್. ಇಂಟರ್ನ್‌ಶಿಪ್ಪೂ ಆಯ್ತು. ಇನ್ನು ಎಂವಿಎಸ್ಸಿಗೆ ನೋಡ್ತಾ ಇದ್ದೇನೆ” ಅಂದ. ಐದೂವರೆ ವರ್ಷದ ಕೋರ್ಸು, ಒಂದು ವಿಷಯವೂ ಬಾಕಿ ಉಳಿಸದೆ ಒಳ್ಳೆಯ ಅಂಕದಲ್ಲಿ ಮುಗಿಸಿ ಬಂದಿದ್ದಾನೆ. “ಮತ್ತೆ ನಿನ್ನನ್ನು ಯಾಕೆ ಮೇಲೆ ಕರೀಲಿಲ್ಲ?” ಅಂದೆ. ಎದುರಿಗೆ ಕೂತಿದ್ದ ಒಬ್ಬರು ಕಾಕ ಬಿರಿಯಾನಿ ಕಲಸುತ್ತಾ ಹೇಳಿದರು, “ಅವ ದನದ ಡಾಕ್ಟ್ರಲ್ವಾ ಉಸ್ತಾದರೇ!” ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಾನೂ ಸ್ವಲ್ಪ ನಕ್ಕೆ, ಸುಳ್ಳು ಯಾಕೆ ಹೇಳಬೇಕು.

ಮನೆಗೆ ಬಂದ ಮೇಲೆ ಆ ನಗು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಒಂದು ಹಳೆಯ ಕಾರಣ ಉಂಟು. ಆರೇಳು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬಳು ಹೆಣ್ಣು ಮಗಳಿಗೆ ಪಶುವೈದ್ಯಕೀಯ ಸೀಟು ಸಿಕ್ಕಿತ್ತು. ಜಿಲ್ಲೆಯ ಹೊರಗೆ, ಹಾಸ್ಟೆಲಿನಲ್ಲಿ ಇರಬೇಕು. ಅವಳ ಉಮ್ಮ ಮದ್ರಸಕ್ಕೆ ಬಂದು ಬಾಗಿಲ ಹತ್ತಿರ ನಿಂತು ಕೇಳಿದರು, ಗಲ್ಫಿನಲ್ಲಿರುವ ಬಾಪ ಫೋನಿನ ಸ್ಪೀಕರಿನಲ್ಲಿ. “ಕಳಿಸಬಹುದಾ ಉಸ್ತಾದ್?” ನಾನು ಹೆಚ್ಚು ಆಲೋಚನೆ ಮಾಡಲಿಲ್ಲ. “ದೂರ ಆಗ್ತದೆ. ನಾಯಿ, ಹಂದಿ ಎಲ್ಲಾ ಮುಟ್ಲಿಕ್ಕೆ ಉಂಟಲ್ವಾ? ಇಲ್ಲೇ ಹತ್ತಿರ ಬಿಎಸ್ಸಿ ಮಾಡ್ಲಿ” ಎಂದುಬಿಟ್ಟೆ. ಖರ್ಜೂರದ ಬೀಜ ಉಗುಳಿದಷ್ಟು ಸುಲಭವಾಗಿ ಹೇಳಿದ ಮಾತು. ಸೀಟು ಹೋಯಿತು. ಅವಳು ಬಿಎಸ್ಸಿ ಮಾಡಿದಳು, ಮದುವೆಯೂ ಆಯಿತು, ಸುಖವಾಗಿದ್ದಾಳೆ, ಅಲ್ಹಮ್ದುಲಿಲ್ಲಾಹ್. ಆದರೆ ಸೀಟು ಹಂಚಿಕೆಯ ಆ ಕಾಗದ ಈಗಲೂ ಅವಳ ಕಪಾಟಿನಲ್ಲಿದೆಯಂತೆ. ಅವಳ ಉಮ್ಮನೇ ಹೇಳಿದ್ದು. ದೂರಿನ ದನಿಯಲ್ಲಿ ಹೇಳಿದ್ದಲ್ಲ, ಏನೋ ಮಾತಿಗೆ ಬಂತು. ನನಗೆ ಮಾತ್ರ ತಾಗಿತು.

ಅದಕ್ಕೇ ಈ ವಾರ ಪ್ರಾಣಿ ವಿಜ್ಞಾನ ಕಲಿತ ಮಕ್ಕಳು ಏನೇನು ಮಾಡಿದ್ದಾರೆ ಎಂಬುದನ್ನೇ ಬರೆಯೋಣ ಎಂದುಕೊಂಡೆ.

ದುಬೈಯಿಂದಲೇ ಶುರು ಮಾಡೋಣ, ಅದು ನಮಗೆ ಪುತ್ತೂರು, ಬಂಟ್ವಾಳದಷ್ಟೇ ಪರಿಚಯ. 2009ರ ಏಪ್ರಿಲ್ 8ರಂದು ದುಬೈಯ ಒಂಟೆ ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಒಂದು ಹೆಣ್ಣು ಒಂಟೆ ಮರಿ ಹುಟ್ಟಿತು. ಅದಕ್ಕೆ ಇಟ್ಟ ಹೆಸರು ‘ಇಂಜಾಝ್’. ಅರಬಿ ಕಲಿತ ಮಕ್ಕಳಿಗೆ ಗೊತ್ತು, ಇಂಜಾಝ್ ಎಂದರೆ ಸಾಧನೆ. ಜಗತ್ತಿನ ಮೊದಲ ತದ್ರೂಪಿ ಒಂಟೆ ಅದು, ಕ್ಲೋನಿಂಗ್ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು. ಆ ಕೆಲಸದ ಮುಂದಾಳು ಅರಬಿಯೂ ಅಲ್ಲ, ಬ್ರಿಟಿಷನೂ ಅಲ್ಲ. ನಮ್ಮದೇ ದೇಶದ ಕಾಶ್ಮೀರದಿಂದ ಹೋದ ಪಶು ವಿಜ್ಞಾನಿ ಡಾ. ನಿಸಾರ್ ಅಹ್ಮದ್ ವಾನಿ.

ಅದನ್ನು ಹೇಗೆ ಮಾಡಿದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ‘ದನದ ಡಾಕ್ಟ್ರು’ ಎಂದು ನಗುವವರಿಗೆ ಈ ಓದು ಎಷ್ಟು ಆಳದ್ದು ಎಂಬ ಅಂದಾಜು ಸಿಗಬೇಕು. 2005ರಲ್ಲಿ ಮಾಂಸಕ್ಕಾಗಿ ಕೊಯ್ದ ಒಂದು ಹೆಣ್ಣೊಂಟೆಯ ಅಂಡಾಶಯದಿಂದ ಜೀವಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ದ್ರವ ನೈಟ್ರೋಜನ್‌ನ ಭಯಂಕರ ಚಳಿಯಲ್ಲಿ ಕಾಪಿಟ್ಟಿದ್ದರು. ಆಮೇಲೆ ಬೇರೊಂದು ಒಂಟೆಯ ಅಂಡವನ್ನು ತೆಗೆದು, ಅದರ ಒಳಗಿನ ತಿರುಳನ್ನು ತೆಗೆದುಹಾಕಿ, ಕಾಪಿಟ್ಟ ಕೋಶವನ್ನು ಅದಕ್ಕೆ ಸೇರಿಸಿದರು. ಹೀಗೆ ಆದ ಭ್ರೂಣವನ್ನು ಮೂರನೆಯ ಒಂದು ಒಂಟೆಯ ಗರ್ಭದಲ್ಲಿ ಇಟ್ಟರು. 378 ದಿನ ಕಾದ ಮೇಲೆ ಮರಿ ಬಂತು. ಅದರ ವಂಶವಾಹಿ ಪರೀಕ್ಷೆ ಮಾಡಿದರೆ ಹೊತ್ತು ಹೆತ್ತ ತಾಯಿಯದ್ದಲ್ಲ, 2005ರಲ್ಲಿ ಸತ್ತ ಒಂಟೆಯದ್ದು! ಈ ರೀತಿ ಹುಟ್ಟಿದ್ದು ಬಾಳುವುದಿಲ್ಲ, ಮರಿ ಹಾಕುವುದಿಲ್ಲ ಎಂದು ಹೇಳಿದವರೂ ಇದ್ದರು. 2015ರಲ್ಲಿ ಇಂಜಾಝ್ ಸಹಜವಾಗಿಯೇ ಗಬ್ಬವಾಗಿ ಒಂದು ಮರಿ ಹಾಕಿತು.

ಇದನ್ನು ಓದಿ ಕೆಲವರು ಕೇಳಿಯೇ ಕೇಳುತ್ತಾರೆ, ಇದೆಲ್ಲಾ ಜಾಯಿಝಾ ಉಸ್ತಾದ್ ಅಂತ. ಕೇಳಬೇಕಾದ ಪ್ರಶ್ನೆಯೇ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1997ರಲ್ಲೇ, ಅಂದರೆ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿ ಹುಟ್ಟಿದ ಮರುವರ್ಷವೇ, ಈ ವಿಷಯವನ್ನು ಚರ್ಚಿಸಿತು. ಮನುಷ್ಯನ ವಿಷಯದಲ್ಲಿ ಇದನ್ನು ನಿಷೇಧಿಸಿತು. ಪ್ರಾಣಿ ಮತ್ತು ಸಸ್ಯಗಳಲ್ಲಿ ಪ್ರಯೋಜನ ಇರುವಲ್ಲಿ ಶರೀಅತ್‌ನ ಚೌಕಟ್ಟಿನೊಳಗೆ ಅನುಮತಿಸಿತು. ಉಲಮಾಗಳು ಒಂದು ವರ್ಷದೊಳಗೆ ಕೂತು ಓದಿ ಅಭಿಪ್ರಾಯ ಕೊಟ್ಟ ವಿಷಯ, ಮೂವತ್ತು ವರ್ಷ ಆಗುತ್ತಾ ಬಂದರೂ ನಮ್ಮ ಮನೆಗಳ ಮಾತಿಗೆ ಬಂದಿಲ್ಲ.

ಕಾಶ್ಮೀರದಲ್ಲೇ ಇನ್ನೊಂದು ಸಂಗತಿ ಉಂಟು. ಪಶ್ಮೀನಾ ಶಾಲು ಎಂದರೆ ನಮಗೆಲ್ಲಾ ಗೊತ್ತು, ಕಾರ್ಯಕ್ರಮಗಳಲ್ಲಿ ನಾವು ಹೊದಿಸುವುದು ಅದಲ್ಲ ಬಿಡಿ, ಅದರ ಬೆಲೆಗೆ ಇಡೀ ಕಾರ್ಯಕ್ರಮ ಮುಗಿಸಬಹುದು. ಲಡಾಖಿನ ಕೊರೆಯುವ ಚಳಿಯಲ್ಲಿ ಬದುಕುವ ಒಂದು ತಳಿಯ ಆಡಿನ ಹೊರಗೂದಲಿನ ಅಡಿಯಲ್ಲಿ ಬೆಳೆಯುವ ಸಣ್ಣ ಎಳೆಯ ತುಪ್ಪಳ ಅದು. 2012ರ ಮಾರ್ಚ್ 9ರಂದು ಶ್ರೀನಗರದ ಶೇರೆ ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಮೊದಲ ತದ್ರೂಪಿ ಪಶ್ಮೀನಾ ಆಡು ಹುಟ್ಟಿತು. ಹೆಸರು ‘ನೂರಿ’. ಹನ್ನೊಂದು ವರ್ಷ ಬದುಕಿ 2023ರಲ್ಲಿ ಸತ್ತಿತು, ಆಡಿನ ಆಯುಸ್ಸಿಗೆ ಅದು ಕಡಿಮೆಯೇನಲ್ಲ. ಆ ತಂಡದ ಮುಖ್ಯಸ್ಥರು ಡಾ. ರಿಯಾಝ್ ಅಹ್ಮದ್ ಶಾ. ಅವರು ಈ ವಿದ್ಯೆ ಕಲಿತದ್ದು ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ, ಪಿಎಚ್‌ಡಿ ಮಾಡುವಾಗ.

ಕರ್ನಾಲ್‌ನವರ ಕೆಲಸ ನನಗೆ ಬಹಳ ಇಷ್ಟವಾದದ್ದು. ಇಂಥ ಪ್ರಯೋಗಕ್ಕೆ ಹೊರದೇಶದಲ್ಲಿ ಬಹಳ ದುಬಾರಿಯ ಯಂತ್ರ ಬಳಸುತ್ತಾರೆ. ಕಣ್ಣಿಗೆ ಕಾಣದ ಅಂಡವನ್ನು ಹಿಡಿದು ತೂತು ಮಾಡುವ ಯಂತ್ರ. ಕರ್ನಾಲ್‌ನವರು ಸೂಕ್ಷ್ಮದರ್ಶಕದ ಅಡಿಯಲ್ಲಿ ಅಂಡವನ್ನಿಟ್ಟು, ಸಣ್ಣ ಬ್ಲೇಡು ಹಿಡಿದು ಕೈಯಿಂದಲೇ ಕೊಯ್ಯುವ ವಿಧಾನವನ್ನು ಎಮ್ಮೆಗೆ ಒಗ್ಗಿಸಿಕೊಂಡರು. ಕೈ ನಡುಗಬಾರದು, ಉಸಿರು ಬಿಗಿ ಹಿಡಿಯಬೇಕು. ಆ ಬ್ಲೇಡು ಹಿಡಿದು ದಿನವಿಡೀ ಕೂತ ತಂಡದಲ್ಲಿ ಪ್ರಾಧ್ಯಾಪಕರ ಜೊತೆ ವಿದ್ಯಾರ್ಥಿಗಳೂ ಇದ್ದರು. 2009ರ ಫೆಬ್ರವರಿಯಲ್ಲಿ ಅವರ ಮೊದಲ ಎಮ್ಮೆ ಕರು ಹುಟ್ಟಿತು, ಕೆಲವೇ ದಿನದಲ್ಲಿ ಸತ್ತಿತು. ಬಿಡಲಿಲ್ಲ. ಅದೇ ವರ್ಷ ಜೂನ್ 6ರಂದು ‘ಗರಿಮಾ’ ಎಂಬ ಎರಡನೆಯ ಕರು ಹುಟ್ಟಿತು, ಅದು ಎರಡು ವರ್ಷಕ್ಕಿಂತ ಹೆಚ್ಚು ಬದುಕಿತು. ಹಿಫ್ಳ್ ಮಾಡುವ ಮಗು ಒಂದು ಜುಝ್ ಮರೆತರೆ ಮತ್ತೆ ಮೊದಲಿಂದ ಶುರು ಮಾಡುತ್ತದಲ್ಲ, ಈ ಓದಿಗೂ ಅಷ್ಟೇ ಸಬ್ರ್ ಬೇಕು.

ಇದೆಲ್ಲಾ ದೂರದ ಕಥೆ ಆಯಿತು ಎನ್ನುವವರಿಗೆ ಹತ್ತಿರದ್ದು ಹೇಳುತ್ತೇನೆ. ಮಂಗಳೂರಿನ ಎಕ್ಕೂರಿನಲ್ಲಿ ಮೀನುಗಾರಿಕಾ ಕಾಲೇಜು ಉಂಟು. ನಮ್ಮಲ್ಲಿ ಎಷ್ಟೋ ಜನ ಪ್ರತಿದಿನ ಬಸ್ಸಿನಲ್ಲಿ ಅದರ ಎದುರಿನಿಂದಲೇ ಹೋಗುತ್ತೇವೆ. 1969ರಲ್ಲಿ ಶುರುವಾದ ಇದು ಇಡೀ ಭಾರತದ ಮೊದಲ ಮೀನುಗಾರಿಕಾ ಕಾಲೇಜು. ಮುಂಬೈ, ಕೊಚ್ಚಿ, ಮದ್ರಾಸಿಗಿಂತ ಮೊದಲು ನಮ್ಮ ಊರಿಗೆ ಬಂತು. ಬಂದರಿನಲ್ಲಿ, ಉಳ್ಳಾಲದಲ್ಲಿ, ಮಲ್ಪೆಯಲ್ಲಿ ತಲೆತಲಾಂತರದಿಂದ ಮೀನಿನ ವ್ಯಾಪಾರ ಮಾಡಿದ ಬ್ಯಾರಿಗಳಿಗೆ ಈ ಕಾಲೇಜಿನ ಗೇಟಿನ ಒಳಗೆ ಏನುಂಟು ಎಂದು ತಿಳಿಯುವ ಆಸೆ ಬರಲಿಲ್ಲ ಎಂಬುದು ಆಶ್ಚರ್ಯ. ನಾವು ದಕ್ಕೆಗೆ ಹೋದೆವು, ಕಾಲೇಜಿಗೆ ಹೋಗಲಿಲ್ಲ.

ಹೋದವರು ಏನಾದರು? ಚಾಮರಾಜನಗರ ಜಿಲ್ಲೆಯ ಯಳಂದೂರಿನ ಒಬ್ಬ ಹುಡುಗ ಇಲ್ಲಿಗೆ ಬಂದ. ಸಮುದ್ರ ಇಲ್ಲದ ಊರು ಅದು. ಈ ಕಾಲೇಜಿನಲ್ಲಿ 1975ರಲ್ಲಿ ಮೀನುಗಾರಿಕಾ ಪದವಿ, 1977ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ. 1978ರಲ್ಲಿ ಬಂಗಾಳದ ಬ್ಯಾರಕ್‌ಪುರದ ಒಳನಾಡು ಮೀನುಗಾರಿಕಾ ಸಂಸ್ಥೆಗೆ ವಿಜ್ಞಾನಿಯಾಗಿ ಸೇರಿದ. 2010ರಲ್ಲಿ ಅದೇ ಹುಡುಗ, ಡಾ. ಎಸ್. ಅಯ್ಯಪ್ಪನ್, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಹಾನಿರ್ದೇಶಕರಾದರು. ದೇಶದ ಕೃಷಿ ಸಂಶೋಧನೆಗೆಲ್ಲಾ ಅದೇ ತಲೆಮನೆ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಭತ್ತ, ಗೋಧಿಯಂಥ ಬೆಳೆಗಳ ವಿಜ್ಞಾನಿಗಳೇ ಕೂತಿದ್ದರು. ಮೀನು ಕಲಿತವರೊಬ್ಬರು ಅಲ್ಲಿ ಕೂತದ್ದು ಅದೇ ಮೊದಲು. 2016ರವರೆಗೆ ಇದ್ದರು. 2022ರಲ್ಲಿ ಪದ್ಮಶ್ರೀ ಬಂತು. 2025ರ ಮೇ ತಿಂಗಳಲ್ಲಿ ತೀರಿಹೋದರು. ಅವರು ನಮ್ಮ ಮಂಗಳೂರಿನ ಕಾಲೇಜಿನ ವಿದ್ಯಾರ್ಥಿ ಎಂಬುದನ್ನು ನನ್ನ ಮದ್ರಸದ ದೊಡ್ಡ ಕ್ಲಾಸಿನಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಮಕ್ಕಳ ತಪ್ಪಲ್ಲ, ನನಗೂ ತಡವಾಗಿ ಗೊತ್ತಾದದ್ದು.

ಅದೇ ಕಾಲೇಜಿನ ಇನ್ನೊಂದು ಕೆಲಸ ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತದೆ. 1990ರ ದಶಕದ ನಡುವಿನಲ್ಲಿ ಕರಾವಳಿಯ ಸಿಗಡಿ ಕೆರೆಗಳಿಗೆಲ್ಲಾ ಬಿಳಿ ಚುಕ್ಕೆ ರೋಗ ಬಂತು. ಸಿಗಡಿಯ ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡರೆ ಮುಗಿಯಿತು, ಹತ್ತು ದಿನದೊಳಗೆ ಕೆರೆಯೇ ಖಾಲಿ. ಸಾಲ ಮಾಡಿ ಸಿಗಡಿ ಹಾಕಿದವರು ಎಷ್ಟು ಜನ ಮುಳುಗಿದರು ಎಂಬುದು ಕುಂದಾಪುರ ಕಡೆಯವರನ್ನು ಕೇಳಿದರೆ ಹೇಳುತ್ತಾರೆ. ಆ ರೋಗಕ್ಕೆ ಔಷಧಿ ಇಲ್ಲ. ಉಳಿದ ದಾರಿ ಒಂದೇ, ಮರಿಯನ್ನು ಕೆರೆಗೆ ಬಿಡುವ ಮೊದಲೇ ಅದರಲ್ಲಿ ವೈರಸ್ ಉಂಟೋ ಇಲ್ಲವೋ ಎಂದು ಪರೀಕ್ಷಿಸುವುದು. ಆ ಪರೀಕ್ಷೆಯ ಕೆಲಸದಲ್ಲಿ ಮಂಗಳೂರು ಕಾಲೇಜಿನ ಡಾ. ಇಡ್ಯ ಕರುಣಾಸಾಗರ್, ಡಾ. ಇಂದ್ರಾಣಿ ಕರುಣಾಸಾಗರ್ ದಂಪತಿ ಮತ್ತು ಅವರ ವಿದ್ಯಾರ್ಥಿಗಳು ಹೆಸರು ಮಾಡಿದರು. ಮುಂದೆ ಇಡ್ಯ ಕರುಣಾಸಾಗರ್ ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲೂ ಕೆಲಸ ಮಾಡಿದರು.

ಈಗ ಪಶುವೈದ್ಯಕೀಯದ ಓದಿನ ಬಗ್ಗೆ. ನಮ್ಮ ರಾಜ್ಯದಲ್ಲಿ ಇದಕ್ಕೆಲ್ಲಾ ಬೀದರಿನಲ್ಲಿ ಒಂದು ವಿಶ್ವವಿದ್ಯಾಲಯ ಇದೆ. ಪಶುವೈದ್ಯ, ಡೇರಿ, ಮೀನುಗಾರಿಕೆ ಮೂರೂ ಅದರ ಕೆಳಗೆ, ನಮ್ಮ ಎಕ್ಕೂರಿನ ಕಾಲೇಜೂ ಸೇರಿ. ಪಶುವೈದ್ಯಕೀಯ ಕಾಲೇಜುಗಳಲ್ಲಿ ಹೆಬ್ಬಾಳದ್ದು ಹಳೆಯದು, 1958ರದ್ದು. ಬೀದರ್, ಶಿವಮೊಗ್ಗ, ಹಾಸನದಲ್ಲೂ ಉಂಟು. ಹಾಸನ, ಶಿವಮೊಗ್ಗ ಎಂದರೆ ನಮಗೆ ಘಟ್ಟ ಹತ್ತಿದರೆ ಆಯಿತು. ಪ್ರತಿ ವರ್ಷ ಘಟಿಕೋತ್ಸವದ ಫೋಟೊ ಪೇಪರಿನಲ್ಲಿ ಬರುತ್ತದೆ. ಕೊರಳಿಗೆ ನಾಲ್ಕಾರು ಚಿನ್ನದ ಪದಕ ಹಾಕಿಕೊಂಡು ನಿಂತವರಲ್ಲಿ ಹೆಣ್ಮಕ್ಕಳೇ ಎದ್ದು ಕಾಣುತ್ತಾರೆ. ಅವರಲ್ಲಿ ರೈತರ ಮನೆಯವರು ಉಂಟು, ಕೂಲಿ ಮಾಡುವವರ ಮನೆಯವರೂ ಉಂಟು. ನಮ್ಮ ಹೆಸರು ಉಂಟಾ ಎಂದು ನಾನು ಕಣ್ಣಾಡಿಸುತ್ತೇನೆ. ಕೆಲವು ಸಲ ಸಿಗುತ್ತದೆ, ಹೆಚ್ಚಿನ ಸಲ ಇಲ್ಲ.

ಆ ಪದಕ ಸುಮ್ಮನೆ ಬರುವುದಲ್ಲ. ಮನುಷ್ಯರ ಡಾಕ್ಟರಿಗೆ ಒಂದೇ ದೇಹ ಕಲಿಯಬೇಕು, ಅದು ಬಾಯಿ ಬಿಟ್ಟು ಎಲ್ಲಿ ನೋವು ಎಂದು ಹೇಳುತ್ತದೆ. ಪಶುವೈದ್ಯರಿಗೆ ದನ, ಎಮ್ಮೆ, ಆಡು, ಕುರಿ, ಕುದುರೆ, ನಾಯಿ, ಬೆಕ್ಕು, ಹಂದಿ, ಕೋಳಿ ಎಲ್ಲವೂ ಬೇಕು, ಒಂದೂ ಮಾತಾಡುವುದಿಲ್ಲ. ದನದ ಹೊಟ್ಟೆಗೆ ನಾಲ್ಕು ಕೋಣೆ, ಕುದುರೆಗೆ ಒಂದೇ. ಕೋಳಿಯ ಎಲುಬಿನೊಳಗೂ ಗಾಳಿ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಕೊಟ್ಟರೆ ಬೆಕ್ಕು ಸಾಯುತ್ತದೆ. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯಿಂದ, ಆ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳು ಲಕ್ಷಗಟ್ಟಲೆ ಸತ್ತವು. ಅದನ್ನು ಪತ್ತೆ ಮಾಡಿದ ತಂಡದ ಮುಂದಾಳೂ ಒಬ್ಬ ಪಶುವೈದ್ಯರೇ. 2006ರಲ್ಲಿ ನಮ್ಮ ಸರಕಾರ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು.

ದನಗಳ ಮಹಾಮಾರಿ ರಿಂಡರ್‌ಪೆಸ್ಟ್ ಒಂದು ಕಾಲಕ್ಕೆ ಹಟ್ಟಿಗೆ ಹಟ್ಟಿಯನ್ನೇ ಖಾಲಿ ಮಾಡುತ್ತಿತ್ತು. 2011ರಲ್ಲಿ ಅದು ಭೂಮಿಯಿಂದಲೇ ಹೋಯಿತು ಎಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ತೊಡೆದುಹಾಕಿದ ರೋಗ ಅದೊಂದೇ. ಹಟ್ಟಿ ಹಟ್ಟಿಗೆ ಹೋಗಿ ಚುಚ್ಚುಮದ್ದು ಕೊಟ್ಟವರು ಈ ‘ದನದ ಡಾಕ್ಟ್ರು’ಗಳು.

ನಮ್ಮ ಮಕ್ಕಳ ಆರೋಗ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದುಕೊಳ್ಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಮಂಗಗಳು ಸಾಯಲು ಶುರುವಾದ ಮೇಲೆ. 1980ರ ದಶಕದಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿಗೂ ಬಂತು. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದಾಗ ಇಲ್ಲಿ ಹಣ್ಣು ತಿನ್ನಲು ಹೆದರಿದೆವು, ನೆನಪಿರಬಹುದು. ಹಕ್ಕಿ ಜ್ವರದ ಸುದ್ದಿ ಬಂದರೆ ಒಂದೇ ದಿನದಲ್ಲಿ ಕೋಳಿ ಅಂಗಡಿ ಖಾಲಿ ಹೊಡೆಯುತ್ತದೆ. ಆಗ ‘ಕೋಳಿ ತಿನ್ನಬಹುದಾ’ ಎಂದು ಪೇಪರಿನವರು ಯಾರನ್ನು ಕೇಳುತ್ತಾರೆ? ಚೆನ್ನಾಗಿ ಬೇಯಿಸಿ ತಿನ್ನಿ ಎಂದು ಧೈರ್ಯ ಹೇಳುವವರು ಯಾರು? ಕೋಳಿ ಅಂಗಡಿ ನಮ್ಮವರದ್ದು, ಧೈರ್ಯ ಹೇಳಲು ಬೇರೆಯವರು ಬರಬೇಕು.

ಹೌದು, ನಾವು ಪ್ರಾಣಿಗಳಿಂದ ಬದುಕುವ ಸಮುದಾಯ. ಮೀನು, ಕೋಳಿ, ಆಡು, ತೊಗಲು, ಒಣಮೀನು ಎಂದು ನಾಲ್ಕೈದು ತಲೆಮಾರು ಇದರಲ್ಲೇ ಅನ್ನ ಕಂಡಿದೆ. ಬಕ್ರೀದ್‌ಗೆ ಘಟ್ಟದ ಮೇಲಿಂದ ಆಡು ತರುವವರು ಒಂದು ಲಾರಿಯಲ್ಲಿ ಎರಡು ಆಡು ಕೆಮ್ಮಿದರೆ ನಿದ್ದೆಗೆಡುತ್ತಾರೆ. ಪಿಪಿಆರ್ ಎಂಬ ಆಡಿನ ರೋಗ ಬಂದರೆ ಬಂಡವಾಳವೇ ಹೋಯಿತು. ಅದಕ್ಕೆ ನಮ್ಮ ದೇಶದ ಪಶು ವಿಜ್ಞಾನಿಗಳೇ ಮಾಡಿದ ಒಳ್ಳೆಯ ಚುಚ್ಚುಮದ್ದು ಉಂಟು, ಸಮಯಕ್ಕೆ ಹಾಕಿಸಿದರೆ ವರ್ಷಗಟ್ಟಲೆ ಭಯವಿಲ್ಲ. ಅದನ್ನು ಹೇಳಿಕೊಡಲು ನಮ್ಮ ಮನೆಯದ್ದೇ ಒಬ್ಬ ಹುಡುಗ, ಒಬ್ಬಳು ಹುಡುಗಿ ಇದ್ದರೆ ಎಷ್ಟು ಚೆಂದ. ಸೌದಿಗೋ ದುಬೈಗೋ ಮಾಂಸ ಕಳಿಸಬೇಕಾದರೂ ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಪಶುವೈದ್ಯರು. ಹಲಾಲ್ ಎಂಬ ಶಬ್ದದ ಬಗ್ಗೆ ಅಷ್ಟು ಮಾತಾಡುವ ನಾವು ಆ ಸಹಿಯ ಬಗ್ಗೆ ಒಂದು ಮಾತೂ ಆಡಿಲ್ಲ.

ಇನ್ನು ನಾನು ಅವತ್ತು ಆ ಉಮ್ಮನಿಗೆ ಹೇಳಿದ ನಾಯಿ, ಹಂದಿಯ ಮಾತು. ಇದನ್ನು ನಾನೇ ಸರಿ ಮಾಡಬೇಕು. ನಾವು ಶಾಫಿಈ ಮದ್ಹಬ್‌ನವರು, ನಾಯಿ ಹಂದಿ ನಜಸ್ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಒದ್ದೆಯಾಗಿ ತಾಗಿದರೆ ಏಳು ಸಲ ತೊಳೆಯುವುದು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿ ಎಂಬ ವಿಧಿಯನ್ನು ಕಿತಾಬುಗಳು ಕಲಿಸುತ್ತವೆ. ತೊಳೆಯುವ ವಿಧಿ ಕಲಿಸಿದ್ದಾರೆ ಎಂದರೆ ತಾಗುವ ಸಂದರ್ಭ ಬರುತ್ತದೆ ಎಂದೇ ಅರ್ಥ. ಒಣಗಿದ್ದು ಒಣಗಿದ್ದಕ್ಕೆ ತಾಗಿದರೆ ನಜಸ್ ಹತ್ತುವುದೂ ಇಲ್ಲ. ಮೇಲಾಗಿ ಕೈಗವಸು ಹಾಕಿಕೊಂಡೂ ಪ್ರಾಣಿಯನ್ನು ಮುಟ್ಟಬಹುದು. ಬಾಯಾರಿದ ನಾಯಿಗೆ ನೀರು ಕೊಟ್ಟವರ ಹದೀಸನ್ನು ನಾವೇ ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಕಥೆ ಮಾಡಿ ಹೇಳುತ್ತೇವೆ, ದೊಡ್ಡವರಾದ ಮೇಲೆ ಅದೇ ನಾಯಿಗೆ ಮದ್ದು ಕೊಡಲು ಕಲಿಯಬೇಡ ಎನ್ನುತ್ತೇವೆ. ಕೊಡಲಿಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಆ ದಿನ ಕೊಡಲಿಲ್ಲ.

ಅರಬಿಯಲ್ಲಿ ಪಶುವೈದ್ಯನಿಗೆ ‘ಬೈತಾರ್’ ಎನ್ನುತ್ತಾರೆ. ಔಷಧಿ ಸಸ್ಯಗಳ ದೊಡ್ಡ ವಿದ್ವಾಂಸ ಇಬ್ನುಲ್ ಬೈತಾರ್ ಎಂಬ ಹೆಸರು ದರ್ಸಿನಲ್ಲಿ ಕಲಿತವರಿಗೆ ಕೇಳಿ ಗೊತ್ತಿರಬಹುದು. ಅರ್ಥ ನೋಡಿದರೆ ‘ಪಶುವೈದ್ಯನ ಮಗ’. ಆ ಕಾಲದಲ್ಲಿ ಅದು ತಲೆ ತಗ್ಗಿಸುವ ಹೆಸರಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದ ಕೈರೋದಲ್ಲಿ ಸುಲ್ತಾನ್ ನಾಸಿರ್ ಮುಹಮ್ಮದ್‌ನ ಲಾಯದ ಮುಖ್ಯಸ್ಥ ಅಬೂಬಕರ್ ಎಂಬವರು ಕುದುರೆಗಳ ರೋಗಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು, ಸುಲ್ತಾನನ ಹೆಸರಿನಿಂದ ಅದನ್ನು ‘ನಾಸಿರಿ’ ಎಂದೇ ಕರೆಯುತ್ತಾರೆ.

ದೂರದ ಮಾತು ಮಾತ್ರ ಸುಳ್ಳಲ್ಲ. ಬೀದರ್ ನಮಗೆ ರಾಜ್ಯದ ಇನ್ನೊಂದು ತುದಿ. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಬರುವ ಉಮ್ಮನ ಸಂಕಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ನರ್ಸಿಂಗಿಗೆ, ಎಂಬಿಬಿಎಸ್‌ಗೆ ಅದಕ್ಕಿಂತ ದೂರ ಕಳಿಸುತ್ತೇವೆ, ರಷ್ಯಾಕ್ಕೆ, ಜಾರ್ಜಿಯಾಕ್ಕೆ ಸಾಲ ಮಾಡಿ ಕಳಿಸಿದವರು ಉಂಟು. ಆಗ ದೂರ ಲೆಕ್ಕಕ್ಕೆ ಬರುವುದಿಲ್ಲ. ಖರ್ಚು ನೋಡಿದರೆ ಸರಕಾರಿ ಪಶುವೈದ್ಯಕೀಯ ಸೀಟಿನ ಶುಲ್ಕ ಖಾಸಗಿ ಮೆಡಿಕಲ್ ಸೀಟಿನ ಹತ್ತಿರವೂ ಬರುವುದಿಲ್ಲ.

ಮಕ್ಕಳ ಮನೆಯವರಿಗೆ ಉಪಯೋಗವಾಗುವ ಒಂದೆರಡು ಮಾತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ತೆಗೆದುಕೊಂಡವರಿಗೆ ಪಶುವೈದ್ಯದ ದಾರಿ ಮುಚ್ಚಿತು. ರಾಜ್ಯದ ಸೀಟುಗಳು ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ. ನೂರರಲ್ಲಿ ಹದಿನೈದು ಸೀಟು ಅಖಿಲ ಭಾರತ ಕೋಟಾದಲ್ಲಿ ನೀಟ್ ಅಂಕದ ಮೇಲೆ ಸಿಗುತ್ತದೆ, ಅದರಲ್ಲಿ ಬೇರೆ ರಾಜ್ಯದ ಕಾಲೇಜೂ ಸಿಗಬಹುದು. ಕೃಷಿಕರ ಮಕ್ಕಳಿಗೆ ಬೇರೆಯೇ ಕೋಟಾ ಉಂಟು, ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಪಹಣಿಯಲ್ಲಿ ನಾಲ್ಕು ಸೆಂಟ್ಸ್ ಅಡಿಕೆ ತೋಟ ಇದ್ದರೂ ವಿಚಾರಿಸದೆ ಬಿಡಬೇಡಿ, ದಾಖಲೆ ಕೇಳುವ ದಿನಾಂಕ ದಾಟಿದ ಮೇಲೆ ಓಡುವವರೇ ನಮ್ಮಲ್ಲಿ ಹೆಚ್ಚು. ಆಪ್ಷನ್ ಎಂಟ್ರಿ ಮಾಡುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿ. ಸೈಬರಿನ ಹುಡುಗನೇ ಅವನಿಗೆ ತೋಚಿದ ಕ್ರಮದಲ್ಲಿ ತುಂಬಿಸಿ ಕೊಟ್ಟ ಅರ್ಜಿಗಳನ್ನು ನಾನು ಕಂಡಿದ್ದೇನೆ.

ಕೆಲಸ ಸಿಗುತ್ತದಾ ಎಂಬ ಪ್ರಶ್ನೆಗೆ ನಾನು ಜ್ಯೋತಿಷಿ ಅಲ್ಲ. ಆದರೆ ಸರಕಾರಿ ಪಶು ಆಸ್ಪತ್ರೆಗಳಲ್ಲಿ ಡಾಕ್ಟರಿಲ್ಲ ಎಂಬುದು ವರ್ಷಾ ವರ್ಷಾ ಪೇಪರಿನಲ್ಲಿ ಬರುವ ದೂರು. ಹಾಲು ಒಕ್ಕೂಟಗಳಿಗೆ ಬೇಕು, ಕೋಳಿ ಕಂಪೆನಿಗಳಿಗೆ ಬೇಕು, 1962ಕ್ಕೆ ಫೋನ್ ಮಾಡಿದರೆ ಹಟ್ಟಿ ಬಾಗಿಲಿಗೆ ಬರುವ ಪಶು ಆಂಬುಲೆನ್ಸಿಗೆ ಬೇಕು. ಗಲ್ಫಿನ ಒಂಟೆ, ಕುದುರೆ, ಗಿಡುಗಗಳ ಆಸ್ಪತ್ರೆಗಳಿಗೆ ಹೋದವರೂ ಉಂಟು. ಅಂಗಡಿಯ ಶಟರ್ ಎತ್ತಲು ಅಲ್ಲದೆ ಬೇರೆ ಕೆಲಸಕ್ಕೂ ದುಬೈಯಲ್ಲಿ ಜನ ಬೇಕು.

ಆ ಹೆಣ್ಣು ಮಗಳ ತಂಗಿ ಈ ವರ್ಷ ಎರಡನೇ ಪಿಯುಸಿ. ವಿಜ್ಞಾನ. ಕಳೆದ ತಿಂಗಳು ಅವರ ಉಮ್ಮ ಮತ್ತೆ ಮದ್ರಸದ ಬಾಗಿಲಿಗೆ ಬಂದಿದ್ದರು. ಈ ಸಲ ನಾನು ಉತ್ತರ ಹೇಳಲಿಲ್ಲ, ಬಿರಿಯಾನಿ ಊಟದ ದಿನ ನನ್ನ ಪಕ್ಕ ಕೂತ ಹುಡುಗನ ಫೋನ್ ನಂಬರ್ ಕೊಟ್ಟೆ. ಒಂದು ಗಂಟೆ ಮಾತಾಡಿದನಂತೆ, ಹಾಸ್ಟೆಲಿನ ಊಟದಿಂದ ಹಿಡಿದು ನಮಾಝಿನ ಜಾಗದವರೆಗೆ. ಅಕ್ಕನೂ ಪಕ್ಕದಲ್ಲಿ ಕೂತು ಕೇಳಿದಳಂತೆ.

ಮೊನ್ನೆ ನಮ್ಮ ಕಮಿಟಿಯ ಕಾರ್ಯದರ್ಶಿಯವರಿಗೂ ಹೇಳಿ ಬಂದೆ, ಮುಂದಿನ ಪುರಸ್ಕಾರದ ಪಟ್ಟಿಯಲ್ಲಿ ಪಶುವೈದ್ಯ, ಮೀನುಗಾರಿಕೆ, ಡೇರಿ ಕಲಿತ ಮಕ್ಕಳ ಹೆಸರೂ ಇರಬೇಕು ಅಂತ. ಅವರು ಒಪ್ಪಿದರು. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, “ಆದ್ರೆ ಉಸ್ತಾದರೇ, ಇವರನ್ನು ಯಾವ ಸಾಲಿನಲ್ಲಿ ಕೂರಿಸುವುದು?” ಎಂದು ಕೇಳಿದರು. “ಹೆಸರಿನ ಹಿಂದೆ ಡಾಕ್ಟರ್ ಅಂತ ಬರೀಲಿಕ್ಕೆ ಉಂಟಲ್ವಾ, ಡಾಕ್ಟರುಗಳ ಸಾಲಿನಲ್ಲಿ ಕೂರಿಸಿ” ಅಂದೆ. ಬರೆದುಕೊಂಡರು.